ಸರದಾರಸಾಬ ಜುಲೇಖಾಳಿಗೆ ಮಾಡಿಕೊಟ್ಟ ಪೆಟ್ಟಿಗೆ

ಬೆಳಗಾವಿ ಶಹಾಪುರದ ಸರದಾರಸಾಬನ ಟ್ರಂಕು ಕೊಂಡವರು ಇನ್ನೊಂದು ಟ್ರಂಕು ಕೊಳ್ಳುವ ಪ್ರಸಂಗವೇ ಬರುತ್ತಿರಲಿಲ್ಲ. ಮನೆಯಲ್ಲಿ ಹೆಣ್ಣಿನ ಮದುವೆ ಗೊತ್ತಾಯಿತೆಂದರೆ ಬೆಳಗಾವಿಯವರಷ್ಟೇ ಅಲ್ಲ, ಖಾನಾಪುರ, ನಂದಗಡದ ಕಡೆಯವರೂ ಬಸ್ಸು ಹತ್ತಿ ಬಂದು ಅವನ ಅಂಗಡಿ ಕಟ್ಟೆಯ ಮೇಲೆ ಕೂರುತ್ತಿದ್ದರು. ಹಸಿರು ಬಣ್ಣ, ಮುಚ್ಚಳದ ಮೇಲೆ ಐದು ಕೆಂಪು ಗುಲಾಬಿ, ಸುತ್ತ ಹಳದಿ ಬಳ್ಳಿ. ಯಾರಾದರೂ ಕೀಲು ಹಿಡಿದು ಅಲುಗಿಸಿ ನೋಡಿದರೆ ಸಾಕು, ಸಾಹೇಬನಿಗೆ ಮೂಗಿನ ತುದಿಗೇ ಸಿಟ್ಟು. "ಹಂಗ್ಯಾಕ ನೋಡ್ತೀರಿ? ಮ್ಯಾಲ ಕುಂದರ್ರಿ. ನಾಕು ಮಂದಿ ಕುಂದರ್ರಿ. ಮುರದ್ರ ನನ್ನ ಮೀಸಿ ಬೋಳಸ್ರಿ!" ಎನ್ನುತ್ತಿದ್ದ. ಆ ಮೀಸೆಗೆ ಯಾರೂ ಕೈ ಹಚ್ಚುವ ಹಾಗೆ ಆಗಲಿಲ್ಲ.

ಅಂಥ ಮನುಷ್ಯ ಒಂದು ಸಂಡಾಸು ಮಾಡಿದ. ಮಡಚಿ ಕೈಯಲ್ಲಿ ಹಿಡಿದು ಒಯ್ಯುವಂಥ ಸಂಡಾಸು. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಮುಂದೆ ನಗುವ ಮಾತು ಬಹಳ ಇಲ್ಲ.

ಅವನ ಹೆಂಡತಿ ಜುಲೇಖಾ ಎಪ್ಪತ್ತಾರನೇ ಇಸವಿಯ ಮಳೆಗಾಲದಲ್ಲಿ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದು ಎಡ ಟೊಂಕ ಮುರಿದುಕೊಂಡಳು. ಎಲುಬು ಕೂಡಿಸುವವನು ಬಂದು ಕಟ್ಟು ಹಾಕಿದ. ಎಲುಬೇನೋ ಕೂಡಿತು, ಆದರೆ ಓರೆಯಾಗಿ ಕೂಡಿತು. ಕೋಲು ಹಿಡಿದು ನಡೆಯಲು ಬಂತು, ನಿಂತು ಅಡಿಗೆ ಮಾಡಲು ಬಂತು, ಸ್ಟೂಲಿನ ಮೇಲೆ ಕೂತು ನಮಾಜು ಮಾಡಲು ಬಂತು. ಕುಕ್ಕರಗಾಲಿನಲ್ಲಿ ಕೂರಲು ಮಾತ್ರ ಬರಲಿಲ್ಲ. ಹಿತ್ತಲ ಸಂಡಾಸಿನಲ್ಲಿ ಸರದಾರಸಾಬ ಇಟ್ಟಿಗೆ ಕಟ್ಟಿ, ಮೇಲೆ ತೂತಿನ ಹಲಗೆ ಕೂರಿಸಿಕೊಟ್ಟ. ಮನೆಯೊಳಗಿನ ಬದುಕು ಹೇಗೋ ಸಾಗಿತು. ಹೊರಗೆ ಒಂದು ದಿನ ಇದ್ದು ಬರುವುದಂತೂ ಮುಗಿದೇ ಹೋಯಿತು.

ಮೂರು ವರ್ಷ ಬಿಟ್ಟು ಒಬ್ಬಳೇ ಮಗಳು ಮಾಸೂಮಾಳನ್ನು ಖಾನಾಪುರಕ್ಕೆ ಕೊಟ್ಟರು. ಅಳಿಯ ಮಜೀದ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಸಂಭಾವಿತ ಮನೆ, ಕೈತುಂಬ ಕೆಲಸ, ಎಲ್ಲವೂ ಸರಿ. ಸಂಡಾಸು ಇರಲಿಲ್ಲ. ಆ ಕಾಲದಲ್ಲಿ ಎಷ್ಟು ಮನೆಗಳಲ್ಲಿ ಇತ್ತು ಹೇಳಿ! ನಸುಕಿನಲ್ಲಿ ಹೆಂಗಸರೆಲ್ಲ ಚೊಂಬು ಹಿಡಿದು, ಹಂಚಿಗೆ ಮಣ್ಣು ತೆಗೆದ ತಗ್ಗುಗಳನ್ನು ದಾಟಿ, ಕುರುಚಲು ಗಿಡಗಳ ಕಡೆ ಹೋಗಿಬರುತ್ತಿದ್ದರು. ಮದುವೆಯ ಮಾತುಕತೆಯ ಸಮಯದಲ್ಲಿ ಒಮ್ಮೆ ಜುಲೇಖಾ ಆ ಮನೆಗೆ ಹೋಗಿದ್ದಳು. ಹಿಂದಿನ ಸಂಜೆಯಿಂದ ಹನಿ ನೀರು ಕುಡಿಯದೆ ಹೋದವಳು, ಬರುವಾಗ ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಳು. ಆಮೇಲೆ ಹೋಗಲಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಅದು ರೂಢಿ. ಆದರೆ ಮಾಸೂಮಾ ಬಸುರಿಯಾದಾಗ ಅವಳ ಅತ್ತೆ ಸುಗರಾ ಬೆಳಗಾವಿಗೇ ಬಂದು ಹೇಳಿದಳು: "ಬೀಗತಿ, ಸಿಟ್ಟಾಗಬ್ಯಾಡ್ರಿ. ನಿಮಗ ಏಳಾಕ ಒಬ್ರು ಬೇಕು. ಬಾಣಂತಿನ್ನ ಯಾರು ಎಬ್ಬಸ್ತಾರ? ಅಲ್ಲೇ ಇರ್ಲಿ ಬಿಡ್ರಿ." ಕೆಟ್ಟ ಮನಸ್ಸಿನ ಮಾತಲ್ಲ ಅದು, ಲೆಕ್ಕದ ಮಾತು. ಜುಲೇಖಾ ತಲೆಯಾಡಿಸಿ, ಚಹಾ ಮಾಡಿ ಕೊಟ್ಟು, ಬೀಗತಿ ಬಸ್ಸು ಹತ್ತಿದ ಮೇಲೆ ಒಲೆಯ ಮುಂದೆ ಕೂತು ಅತ್ತಳು.

ಎಂಬತ್ತೊಂದರಲ್ಲಿ ಮೊಮ್ಮಗಳು ಹುಟ್ಟಿದಳು. ನಲವತ್ತನೇ ದಿನ ತಾಯಿ ಮಗುವಿಗೆ ತಲೆಸ್ನಾನ. ತವರಿನವರು ಉಡುಗೊರೆ ತರಬೇಕು, ತಾಯಿಯ ತಾಯಿ ಮಗುವಿಗೆ ಎರೆಯಬೇಕು. ಸರದಾರಸಾಬ ಅಂದ, "ಮುಂಜಾನಿ ಹೋಗಿ ಸಂಜೀಕ ಬಂದಬಿಡೂಣು."

"ಬಸ್‌ಸ್ಟ್ಯಾಂಡದಾಗ ಬೀಳಾಕೇನ್ರಿ?" ಎಂದಳು ಜುಲೇಖಾ. "ನಾಕು ದಿನಾ ಇರ್ತೀನಿ ನಾ. ಮಗಳ ತಲಿ ನಾ ತೊಳೀಬೇಕು, ಕೂಸಿಗೆ ಎಣ್ಣಿ ನಾ ಹಚ್ಚಬೇಕು. ಹೆರಿಗೀನೂ ಮಾಡಲಿಲ್ಲ, ಬಾಣಂತನಾನೂ ಮಾಡಲಿಲ್ಲ. ಇಷ್ಟೂ ಆಗಲಿಲ್ಲಂದ್ರ ನಾ ಎಂಥಾ ತಾಯಿರೀ?"

ಇಪ್ಪತ್ತು ವರ್ಷ ಜೊತೆಗೆ ಬಾಳಿದ ಹೆಂಗಸು, ಒಂದು ಸೀರೆ ಬೇಕು ಅಂತಲೂ ಬಾಯಿಬಿಟ್ಟು ಕೇಳಿದವಳಲ್ಲ. ಸರದಾರಸಾಬ ಮರುದಿನವೇ ಕೈಯಲ್ಲಿದ್ದ ಕೆಲಸ ಬದಿಗೆ ಸರಿಸಿದ.

ಮೊದಲು ಸಾಗವಾನಿ ಕುರ್ಚಿ ಮಾಡಿದ. ಗಟ್ಟಿ ಏನೋ ಗಟ್ಟಿ, ಆದರೆ ಅದನ್ನು ಬಸ್ಸಿಗೆ ಏರಿಸಲು ಇಬ್ಬರು ಹಮಾಲರು ಬೇಕು. ಆಮೇಲೆ ಕ್ಯಾಂಪಿನ ಮಿಲಿಟರಿಯವರ ಹಳೆಯ ಮಡಚುವ ಮಂಚವೊಂದನ್ನು ತಂದು, ಅದರ ಕತ್ತರಿಗಾಲಿನಂತೆಯೇ ಕಾಲು ಮಾಡಿ ನೋಡಿದ. ಜುಲೇಖಾ ಕೂರುವಾಗ ಸರಿಯಿತ್ತು. ಏಳುವಾಗ ಪೂರ್ತಿ ಭಾರ ಬಲಗೈ ಮೇಲೆ ಹಾಕಿದಳು, ಕುರ್ಚಿ ಆ ಕಡೆ ವಾಲಿತು. ಅವನು ಓಡಿ ಹಿಡಿಯದಿದ್ದರೆ ಬಲಗಡೆಯ ಟೊಂಕವೂ ಹೋಗುತ್ತಿತ್ತು. ಆ ದಿನ ಅವನು ಊಟ ಮಾಡಲಿಲ್ಲ, "ನಾ ಎಂಥಾ ಹಲ್ಕಟ್ ಕೆಲಸಗಾರ!" ಎಂದು ತನಗೇ ಬೈದುಕೊಳ್ಳುತ್ತ ಕೂತ.

ಆಮೇಲೆ ಅಂಗಳದಲ್ಲಿ ಇಟ್ಟಿಗೆ ಜೋಡಿಸಿ ಅವಳನ್ನು ಕೂರಿಸಿದ. "ಏಳು" ಅಂದ. ಎದ್ದಳು, ಮುಲುಗಿದಳು. ಒಂದು ಇಟ್ಟಿಗೆ ಏರಿಸಿದ. ಮತ್ತೆ ಕೂರಿಸಿದ, ಮತ್ತೆ ಎಬ್ಬಿಸಿದ. ಹೀಗೆ ಅವಳ ಬಾಯಿಂದ ನೋವಿನ ಸದ್ದು ಬಾರದ ಎತ್ತರ ಸಿಕ್ಕುವವರೆಗೆ ಮಾಡಿ, ಪಟ್ಟಿ ಹಿಡಿದು ಅಳೆದ. ಹದಿನೇಳು ಇಂಚು. "ಹೊಸಾ ಮದುಮಗಳಿಗೂ ಇಷ್ಟು ಅಳತಿ ತಗೋಳೂದಿಲ್ಲ ಬಿಡ್ರಿ" ಎಂದು ಜುಲೇಖಾ ಸೆರಗಿನಲ್ಲಿ ನಕ್ಕಳು.

ಆದರೆ ಅವಳದೊಂದು ಷರತ್ತಿತ್ತು. ಅದೇನೆಂದು ಯಾರಿಗೂ ಗೊತ್ತಾಗಬಾರದು. ಬಸ್ಸಿನಲ್ಲಿ, ಬೀಗರ ಮನೆಯಲ್ಲಿ, ಯಾರಿಗೂ. "ಗೊತ್ತಾದ್ರ ನಾ ಸತ್ತಂಗ" ಎಂದಳು.

ಅದಕ್ಕೆ ಸರದಾರಸಾಬ ತನಗೆ ಗೊತ್ತಿದ್ದ ವಿದ್ಯೆಗೇ ಬಂದ. ಟ್ರಂಕು ಮಾಡಿದ. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ. ಕೆಳಗೆ ಕಬ್ಬಿಣದ ನಾಲ್ಕು ಕಾಲು ಒಳಮುಖವಾಗಿ ಮಡಚಿ ತಳಕ್ಕೆ ಅಂಟಿಕೊಂಡಿದ್ದವು. ಬಿಚ್ಚಿದರೆ ಒಂದೊಂದಕ್ಕೂ ಒಂದೊಂದು ಕೊಂಡಿ, ಟಕ್ ಎಂದು ಕಚ್ಚಿ ನಿಲ್ಲುತ್ತಿತ್ತು. ಮುಚ್ಚಳ ಎತ್ತಿ ನಿಲ್ಲಿಸಿದರೆ ಬೆನ್ನಿಗೆ ಆಸರೆ. ಬಲಗೈಗೆ ಹಿಡಿಕೆ, ಅದರ ಕೆಳಗೆ ಭಾರ ತಡೆಯಲು ಓರೆಯಾಗಿ ಇನ್ನೊಂದು ಸರಳು. ಒಳಗೆ ನುಣ್ಣಗೆ ಉಜ್ಜಿದ ತೂತಿನ ಹಲಗೆ, ಹಲಗೆಯ ಕೆಳಗೆ ಬಿಗಿ ಮುಚ್ಚಳದ ಎನಾಮೆಲ್ ಪಾತ್ರೆ, ಸುತ್ತ ಇಳಿಬಿಡಲು ಕಪ್ಪು ಪರದೆ. ಎದುರು ಅಂಗಡಿಯಲ್ಲಿ ಕೊಂಡಿ, ಬಿಜಾಗರಿ ಮಾರುತ್ತಿದ್ದ ಆದಿನಾಥ ನೋಡಲು ಬಂದ. ಅವನದು ಕ್ವಿಂಟಲ್ ದೇಹ. ಅವನನ್ನು ಮೇಲೆ ಕೂರಿಸಿ, ಅವನ ತೊಡೆಯ ಮೇಲೆ ತಾನೂ ಕೂತು ಸರದಾರಸಾಬ ಅಲುಗಾಡಿದ. ಪೆಟ್ಟಿಗೆ ಹೂಂ ಅನ್ನಲಿಲ್ಲ, ಹಾಂ ಅನ್ನಲಿಲ್ಲ. "ಏಳೋ ಮಾರಾಯಾ, ನನ್ನ ಜೀವ ಹೊಂಟೈತಿ!" ಎಂದು ಆದಿನಾಥ ಕೂಗಿಕೊಂಡ.

ಇಷ್ಟಕ್ಕೇ ಬಿಡಬೇಕಿತ್ತು. ಬಿಡಲಿಲ್ಲ. ಹೂವಿಲ್ಲದ ಟ್ರಂಕು ಅವನ ಅಂಗಡಿಯ ಹೊಸ್ತಿಲು ದಾಟಿದ್ದೇ ಇಲ್ಲ. ಹೆಂಡತಿಗಾಗಿ ಮಾಡಿದ್ದು ಬೇರೆ, ಕೈ ಸುಮ್ಮನಿರುತ್ತದೆಯೇ? ಹಸಿರು ಬಳಿದ, ಐದರ ಬದಲು ಒಂಬತ್ತು ಗುಲಾಬಿ ಬಿಡಿಸಿದ, ಬಳ್ಳಿಗೆ ಚಿನ್ನದ ಬಣ್ಣ ಹಚ್ಚಿದ. "ಯಾರ ಮದಿವಿಪಾ ಇದು?" ಎಂದು ಆದಿನಾಥ ಕೇಳಿದ. ಸರದಾರಸಾಬ ಹುಡುಗನಂತೆ ನಾಚಿಕೊಂಡ.

ನಲವತ್ತನೆಯ ದಿನದ ಮುನ್ನಾದಿನ ಇಬ್ಬರೂ ಬಸ್ಸು ಹತ್ತಿದರು. ಕೂಸಿನ ಅಂಗಿ, ಕುಲಾವಿ, ಬೆಳ್ಳಿ ಕಾಲ್ಗಡಗ ಎಲ್ಲ ಒಂದು ಬಟ್ಟೆಯ ಗಂಟಿನಲ್ಲಿ. ಎರಡನೇ ಪೆಟ್ಟಿಗೆ ಹೊರುವ ಶಕ್ತಿ ಯಾರಿಗಿತ್ತು? ಕಂಡಕ್ಟರು "ಟ್ರಂಕ ಟಾಪಿನ ಮ್ಯಾಲ ಒಗೀರಿ" ಎಂದರೆ ಸರದಾರಸಾಬ ಕೇಳದೆ ತೊಡೆಯ ಮೇಲೆ ಇಟ್ಟುಕೊಂಡ. ದೇಸೂರು ದಾಟಿದ ಮೇಲೆ ಜುಲೇಖಾ ಬಾಟಲಿಯಿಂದ ಗಟಗಟನೆ ನೀರು ಕುಡಿದಳು. ಐದು ವರ್ಷದಲ್ಲಿ ಹೊರಗೆ ಬಂದು ಅವಳು ಹೊಟ್ಟೆತುಂಬ ನೀರು ಕುಡಿದದ್ದು ಅವತ್ತೇ.

ಆ ಒಂದು ರಾತ್ರಿ ಅವಳು ಮಗಳು, ಮೊಮ್ಮಗಳ ನಡುವೆ ಮಲಗಿದಳು. ನಸುಕಿನಲ್ಲಿ ಮನೆಯ ಹೆಂಗಸರು ತಗ್ಗಿನ ಕಡೆ ಹೋದಾಗ, ಹಿಂದಿನ ಕೋಣೆಯ ಕದ ಹಾಕಿಕೊಂಡು ತನ್ನ ಪೆಟ್ಟಿಗೆ ಬಿಚ್ಚಿದಳು. ಎಲ್ಲ ತೊಳೆದು, ಒರೆಸಿ, ಮೊದಲಿದ್ದಂತೆ ಮಡಚಿಟ್ಟಳು. ಹೊರಗೆ ಜಗುಲಿಯಲ್ಲಿದ್ದ ಗಂಡನ ಹತ್ತಿರ ಬಂದು, "ಬಂಡಿಗಲ್ಲಿನಂಗ ನಿಂತೈತಿ ನೋಡ್ರಿ" ಎಂದು ಮೆಲ್ಲಗೆ ಹೇಳಿದಳು. ಅವನ ಇಡೀ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಶಾಭಾಸ್ಕಿ ಯಾರೂ ಕೊಟ್ಟಿರಲಿಲ್ಲ.

ಹತ್ತು ಗಂಟೆಗೆ ಓಣಿಯ ಹೆಂಗಸರೆಲ್ಲ ಸೇರಿದರು. ಗಂಡಸರು ಹೊರಗೆ ಚಪ್ಪರದ ಕೆಳಗೆ. ಜುಲೇಖಾ ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದಳು. ತವರಿನ ಪೆಟ್ಟಿಗೆಯನ್ನು ಮನೆಯ ಹಿರಿಯಳು ನಾಲ್ಕು ಜನರ ಮುಂದೆ ತೆರೆದು, ಒಂದೊಂದೇ ಎತ್ತಿ ತೋರಿಸುವುದು ಅಲ್ಲಿಯ ಪದ್ಧತಿ. ಸುಗರಾ ಹಿಂದಿನ ಕೋಣೆಗೆ ಹೋದಳು. ಒಂಬತ್ತು ಗುಲಾಬಿಯ, ಚಿನ್ನದ ಬಳ್ಳಿಯ ಟ್ರಂಕು ಕಂಡಿತು. ಅದನ್ನು ಉಡುಗೊರೆಯ ಪೆಟ್ಟಿಗೆಯಲ್ಲ ಎಂದು ಯಾವ ಹೆಂಗಸು ತಿಳಿದಾಳು? ಸಂಭ್ರಮದಿಂದಲೇ ಹೊತ್ತು ತಂದು ನಡುಮನೆಯಲ್ಲಿ ಚಾಪೆಯ ಮೇಲೆ, ಸಕ್ಕರೆ ತಟ್ಟೆಯ ಪಕ್ಕ ಇಟ್ಟಳು. "ನೋಡ್ರೆವ್ವಾ, ನಮ್ಮ ಬೀಗತಿ ಏನ ತಂದಾಳಂತ" ಎಂದು ಮುಚ್ಚಳ ಎತ್ತಿದಳು.

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಸುಗರಾ ಹಲಗೆ ಎತ್ತಿದಳು, ಪಾತ್ರೆ ಎತ್ತಿದಳು. ಆಗ ಮೂಲೆಯಿಂದ ಯಾರೋ "ಅಯ್ಯ, ಸಂಡಾಸವಾ ಇದು!" ಎಂದರು. ನಗು ಹೊಡೆಯಿತು ನೋಡಿ, ಹಂಚು ಹಾರಿಹೋಗುವಂಥ ನಗು. ಸುಗರಾ ಪಾತ್ರೆ ಬಿಟ್ಟು ಕೈ ಝಾಡಿಸಿದಳು. "ಸಕ್ರಿ ಬಾಜೂಕ ಇಟ್ನೆಲ್ಲಾ! ನೆಲಾ ತೊಳೀರಿ, ನೆಲಾ ತೊಳೀರಿ" ಎಂದು ಕೂಗಾಡಿದಳು. ಜುಲೇಖಾ ಒದ್ದೆ ಸೀರೆಯಲ್ಲಿ, ಕೂಸನ್ನು ಎದೆಗೆ ಅವಚಿಕೊಂಡು, ಬಚ್ಚಲ ಬಾಗಿಲಲ್ಲಿ ಬಂದು ನಿಂತಳು.

ಚಪ್ಪರದ ಕೆಳಗಿದ್ದ ಸರದಾರಸಾಬನಿಗೆ ನಗು ಕೇಳಿಸಿತು, ಸುಗರಾಳ ಕೂಗು ಕೇಳಿಸಿತು. ಏನಾಯಿತೆಂದು ಅವನಿಗೆ ಗೊತ್ತಾಯಿತು. ಒಳಗಿಂದ ಜುಲೇಖಾ ಕೋಲೂರಿಕೊಂಡು ಬಂದವಳು ಅವನ ಮುಖ ನೋಡದೆ, "ಮನಿಗೆ ಹೋಗೂಣು ನಡೀರಿ" ಅಂದಳು. ನಾಲ್ಕು ದಿನವೆಂದು ಬಂದವರು ಮಧ್ಯಾಹ್ನದ ಬಸ್ಸಿಗೇ ತಿರುಗಿದರು. ಸಿಟ್ಟು ಇಳಿದ ಮೇಲೆ ಸುಗರಾ ಬಸ್‌ಸ್ಟ್ಯಾಂಡಿನವರೆಗೂ ಬಂದು, "ನಂದ ತಪ್ಪಾತ್ರಿ ಬೀಗತಿ, ನೀವರ ಮೊದಲ ಹೇಳಬಾರದಾ?" ಎಂದು ಕೈ ಹಿಡಿದಳು. ಜುಲೇಖಾ ಕೈ ಬಿಡಿಸಿಕೊಂಡು ಬಸ್ಸು ಹತ್ತಿದಳು.

ಆಮೇಲೆ ನಾಲ್ಕು ವರ್ಷ ಬದುಕಿದಳು, ಖಾನಾಪುರದ ಬಸ್ಸು ಮತ್ತೆ ಹತ್ತಲಿಲ್ಲ. ಮಾಸೂಮಾ ಹಬ್ಬಕ್ಕೊಮ್ಮೆ ಬಂದು ಹೋಗುತ್ತಿದ್ದಳು; ತಾಯಿ ಮಗುವನ್ನು ಮುದ್ದಿಸುತ್ತಿದ್ದಳು, ಮಗಳ ಮುಂದೆ ತಟ್ಟೆ ಇಡುತ್ತಿದ್ದಳು, ಮಾತು ಮಾತ್ರ ಕಡಿಮೆ. ಎಲ್ಲ ಹೂವಿನಿಂದಲೇ ಆಯಿತು ಎಂದು ಸರದಾರಸಾಬ ತೀರ್ಮಾನಿಸಿದ. ಕುಂಚ ಮುರಿದು ಒಲೆಗೆ ಹಾಕಿದ. ಅಂದಿನಿಂದ ಅವನ ಟ್ರಂಕುಗಳೆಲ್ಲ ಬೋಳು ಹಸಿರು. ನಂದಗಡದ ಬಾಳವ್ವ ಮಗಳ ಮದುವೆಗೆ ಟ್ರಂಕು ಕೊಳ್ಳಲು ಬಂದು, "ಹೂ ಎಲ್ರೀ ಸಾಹೇಬ್ರ? ಹೆಣ್ಮಗಳಿಗೆ ಬೋಳು ಪೆಟ್ಟಿಗಿ ಹೆಂಗ ಕೊಡೂದು?" ಎಂದು ಎದ್ದುಹೋದಳು. ಹಾಗೇ ಬಹಳ ಜನ ಎದ್ದುಹೋದರು.

ಎಂಬತ್ತೈದರ ಚಳಿಯಲ್ಲಿ ಜುಲೇಖಾಳಿಗೆ ಎದೆಗೆ ಕಫ ಕಟ್ಟಿತು. ಉಳಿಯುವುದಿಲ್ಲ ಎಂದು ಅವಳಿಗೇ ಗೊತ್ತಿತ್ತು. ಒಂದು ಮಧ್ಯಾಹ್ನ ಗಂಡನನ್ನು ಹತ್ತಿರ ಕರೆದಳು.

"ಹೂವಿಗೆ ಯಾಕ ಸಿಟ್ಟು ಮಾಡೀರಿ? ಚಲೋ ಇದ್ವು ಹೂವು."

"ನಾ ಹೂ ಬಿಡಿಸಲಿಲ್ಲಂದ್ರ ಅಕಿ ಯಾಕ ತೆರೀತಿದ್ಲು? ಅಷ್ಟು ಮಂದಿ ನಕ್ರು ನಿನಗ."

"ಮಂದಿ ನಗಲಿ ಬಿಡ್ರಿ. ಮಂದಿ ಇರೂದ ನಗಾಕ." ಉಸಿರಿಗಾಗಿ ನಿಂತು ಮತ್ತೆ ಹೇಳಿದಳು: "ಮಾಸೂಮಾ ನಕ್ಕಳ್ರಿ. ಎಲ್ಲಾರಕಿಂತ ಜೋರಾಗಿ ಅಕೀನ ನಕ್ಕಳು. ಸೆರಗು ಬಾಯಿಗೆ ಹಚ್ಚಿ, ಅತ್ತಿ ಮಾರಿ ನೋಡಿ ನಕ್ಕಳು. ನಾ ಬಾಗಲದಾಗ ನಿಂತು ನೋಡೀನಿ. ಹತ್ತೊಂಬತ್ತು ವರ್ಷದ ಹುಡುಗಿ, ಗಂಡನ ಮನ್ಯಾಗ ಇನ್ನೇನು ಮಾಡೀತು, ಖರೇ. ಗೊತ್ತೈತಿ ನನಗ. ಆದ್ರೂ ಇಲ್ಲೆ ಉಳೀತರಿ ಅದು." ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಕಿಗೆ ಹೇಳಬ್ಯಾಡ್ರಿ. ನಾ ನೋಡೀನಂತ ಗೊತ್ತಾದ್ರ ಜೀವ ಇರೂತನಾ ಸುಡತೈತಿ ಅಕಿಗೆ."

ಎರಡು ದಿನಕ್ಕೆ ಅವಳು ಹೋದಳು. ಮಣ್ಣಾದ ಮೇಲೆ, ಬಂದ ಜನ ಚದುರಿದ ಮೇಲೆ, ಮಾಸೂಮಾ ಅತ್ತು ಅತ್ತು ಊದಿದ ಮುಖದಲ್ಲಿ ಅಪ್ಪನ ಪಕ್ಕ ಬಂದು ಕೂತಳು. ಕೇಳಿದಳು:

"ಅಬ್ಬಾ, ಅಮ್ಮಿ ಮತ್ತ ನಮ್ಮನಿಗೆ ಯಾಕ ಬರಲಿಲ್ಲ? ಎಷ್ಟು ಸಲಾ ಕರದೆ. ಆವತ್ತ ನಾನೂ... ಅಕಿ ನನ್ನ ನೋಡಿದ್ಲೇನು?"

ಸರದಾರಸಾಬ ಮಗಳ ತಲೆಯ ಮೇಲೆ ಕೈ ಇಟ್ಟ. ತಗಡು ಕೊಯ್ದು ಕೊಯ್ದು ಒರಟಾದ ಕೈ ಅದು.

"ನಿಂದೇನೈತವ್ವಾ ಅದರಾಗ? ನನ್ನ ತಪ್ಪು. ಪೆಟ್ಟಿಗಿ ಸರಿ ಆಗಿರಲಿಲ್ಲ. ಕೀಲು ಸಡಲ ಇದ್ವು, ಕಾಲು ಅಲುಗಾಡತಿದ್ವು. ಕುಂದ್ರಾಕ ಅಂಜತಿದ್ಲು ನಿಮ್ಮಮ್ಮಿ. ಅದಕ್ಕ ಬರಲಿಲ್ಲ."

ಮಾಸೂಮಾ ಅಪ್ಪನ ಮುಖ ನೋಡಿದಳು. ಆಮೇಲೆ ಅವನ ಹೆಗಲಿಗೆ ತಲೆಯಾನಿಸಿ, ದೊಡ್ಡ ಉಸಿರೊಂದನ್ನು ಬಿಟ್ಟಳು. ನಂಬಿದಳು.