ಬಾಯಿಯವರ ಊರಿನ ಚೌಕ್

2002ರ ಮೇ ಕೊನೆಯಲ್ಲಿ ಹುಮನಾಬಾದಿನ ಚೌಕಿನ ಮೂಲೆಯ ಮಹಡಿಯಲ್ಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿತು. ಆ ವಾರ ನಾನು ಪತ್ರಿಕೆಗೆ ಕಳಿಸಿದ್ದು ಕುಡಿಯುವ ನೀರಿನ ಸುದ್ದಿ, ದನದ ಸಂತೆಯ ಸುದ್ದಿ, ಹೆದ್ದಾರಿಯಲ್ಲಿ ಲಾರಿ ಉರುಳಿದ ಸುದ್ದಿ. ಇನ್‌ಸ್ಟಿಟ್ಯೂಟಿನದು ಸುದ್ದಿಯಾಗುವಂಥದ್ದಾಗಿರಲಿಲ್ಲ.

ಅದು ನೆನಪಾದದ್ದು ಕಳೆದ ಚಳಿಗಾಲದಲ್ಲಿ, ಬಸವಕಲ್ಯಾಣದ ಒಂದು ಗುಜರಿ ಅಂಗಡಿಯ ಮುಂದೆ. ಅಲ್ಲಿ ಹಳೆಯ ಟೈಪ್‌ರೈಟರುಗಳನ್ನು ಒಂದರ ಮೇಲೊಂದು ಒಟ್ಟಿದ್ದರು. ಬಿಸಿಲಿಗೆ ಕಾದ ಆ ಕಬ್ಬಿಣದಿಂದ ಹೊಲಿಗೆ ಯಂತ್ರದ ಎಣ್ಣೆಯೂ ಒಣಗಿದ ರಿಬ್ಬನ್ನಿನ ಮಸಿಯೂ ಬೆರೆತ ವಾಸನೆ ಬರುತ್ತಿತ್ತು. ಅವು ಆ ಮಹಡಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ಬಾಯಿಯವರ ಯಂತ್ರಗಳೇ ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ವಾಸನೆ ಮಾತ್ರ ಅದೇ.

ನಾನು ಹುಮನಾಬಾದಿಗೆ ಬಂದದ್ದು 1999ರಲ್ಲಿ, ತಾಲ್ಲೂಕು ವರದಿಗಾರನಾಗಿ. ಬಸ್ ನಿಲ್ದಾಣದ ಹಿಂದಿನ ಲಾಡ್ಜಿನಲ್ಲಿ ತಿಂಗಳ ಬಾಡಿಗೆಯ ಕೋಣೆ. ಬೆಳಿಗ್ಗೆ ಕಚೇರಿಗಳು, ಠಾಣೆ, ಆಸ್ಪತ್ರೆ; ಮಧ್ಯಾಹ್ನ ಬರೆಯುವುದು; ಸಂಜೆ ಎಸ್‌ಟಿಡಿ ಅಂಗಡಿಯಿಂದ ಫ್ಯಾಕ್ಸ್. ದಿನವಿಡೀ ಮಾತಾಡುತ್ತಿದ್ದೆ, ಆದರೆ ಅದೆಲ್ಲ ವಿಚಾರಿಸುವ ಮಾತು. ಫ್ಯಾಕ್ಸ್ ಹೋದ ಮೇಲೆ ನನ್ನ ಬಳಿ ಮಾತು ಉಳಿಯುತ್ತಿರಲಿಲ್ಲ, ಕೇಳುವವರೂ ಇರುತ್ತಿರಲಿಲ್ಲ. ನನ್ನ ಕೈಬರಹ ಓದಲಾಗುವುದಿಲ್ಲ ಎಂದು ಡೆಸ್ಕಿನವರು ದೂರಿದಾಗ, ಸುದ್ದಿ ಟೈಪ್ ಮಾಡಿಕೊಳ್ಳಲು ಜಾಗ ಹುಡುಕುತ್ತ ಆ ಮಹಡಿ ಹತ್ತಿದೆ.

ಕಲಿಸುವ ಹೆಂಗಸರನ್ನು ಆ ಕಡೆ ಬಾಯಿ ಎನ್ನುತ್ತಾರೆ. ಅವರೂ ಎಲ್ಲರಿಗೂ ಬಾಯಿಯವರೇ ಆಗಿದ್ದರು. ನಲವತ್ತು ದಾಟಿದ ವಿಧವೆ. ಇನ್‌ಸ್ಟಿಟ್ಯೂಟ್ ಶುರು ಮಾಡಿದ್ದು ಅವರ ಗಂಡ. ಅವರು ತೀರಿಕೊಂಡ ಮೇಲೆ ಇವರು ನಡೆಸಿಕೊಂಡು ಬಂದಿದ್ದರು. ಗಂಡನ ಮನೆಯವರು ಬಸವಕಲ್ಯಾಣದಲ್ಲಿ ಕಿರಾಣಿ ವ್ಯಾಪಾರಸ್ಥರು. ಅಲ್ಲಿಗೆ ಹೋಗದೆ, ಇನ್‌ಸ್ಟಿಟ್ಯೂಟಿನ ಹಿಂದಿನ ಖೋಲಿಯಲ್ಲೇ ಒಬ್ಬರೇ ಇದ್ದರು. ಮಕ್ಕಳಿರಲಿಲ್ಲ.

ಅವರ ಮೇಜು ಕಿಟಕಿಗೆ ಹತ್ತಿಕೊಂಡಿತ್ತು. ಅಲ್ಲಿಂದ ಚೌಕ್ ಪೂರ್ತಿ ಕಾಣುತ್ತಿತ್ತು: ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ರಸ್ತೆಯನ್ನು ಬೀದರಿನಿಂದ ಗುಲಬರ್ಗಾಕ್ಕೆ ಹೋಗುವ ರಸ್ತೆ ಕತ್ತರಿಸುವ ಜಾಗ. ಕಬ್ಬಿನ ಹಂಗಾಮಿನಲ್ಲಿ ಹಳ್ಳಿಖೇಡದ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ಅಲ್ಲಿ ಸಿಕ್ಕಿಕೊಂಡು, ನಾಲ್ಕೂ ಕಡೆಯ ಬಸ್ಸುಗಳು ಹಾರ್ನ್ ಹೊಡೆಯುತ್ತ ನಿಲ್ಲುತ್ತಿದ್ದವು. ನಾನು ಅದನ್ನು ಸಂಚಾರ ಅಸ್ತವ್ಯಸ್ತ ಎಂದು ಬರೆಯುತ್ತಿದ್ದೆ. ಬಾಯಿಯವರು ಟೈಪಿಂಗ್ ಕಲಿಸುವುದನ್ನೂ ಬಿಟ್ಟು ನೋಡುತ್ತಿದ್ದರು. ಬಸವಕಲ್ಯಾಣದ ಮನೆಗೆ ಅಂಗಳವಿತ್ತು, ಬಾವಿಯಿತ್ತು, ರಸ್ತೆ ಮಾತ್ರ ಕಾಣುತ್ತಿರಲಿಲ್ಲವಂತೆ.

ಆ ವರ್ಷಗಳಲ್ಲಿ ಟೈಪಿಂಗಿಗೆ ಬರುವವರು ಕಡಿಮೆಯಾಗತೊಡಗಿದ್ದರು. ಕಂಪ್ಯೂಟರ್ ಇದ್ದರೆ ಬರುತ್ತಾರೆಂದು ಬಾಯಿಯವರು ಒಂದನ್ನು ತರಿಸಿದರು. ಗುಲಬರ್ಗಾದಿಂದ ಬಂದು ಅದನ್ನು ಜೋಡಿಸಿಕೊಟ್ಟವನು ಒಳಗೆ ಒಂದು ಆಟವನ್ನೂ ಹಾಕಿ ಹೋಗಿದ್ದ. ವಿದ್ಯಾರ್ಥಿಗಳು ಹೆದ್ದಾರಿಯಲ್ಲಿ ಹೊಸದಾಗಿ ತೆರೆದ, ಎಸಿ ಇದ್ದ ಸೆಂಟರಿಗೆ ಹೋದರು. ಬಾಯಿಯವರ ಬಳಿ ಕಂಪ್ಯೂಟರ್ ಉಳಿಯಿತು, ಆಟ ಉಳಿಯಿತು, ಮಧ್ಯಾಹ್ನಗಳು ಉಳಿದವು.

ಅದು ಊರು ಕಟ್ಟುವ ಆಟ. ಯಾವುದೋ ಪರದೇಶದ ಪುರಾತನ ಊರು. ಬಯಲಿನಲ್ಲಿ ರಸ್ತೆ ಎಳೆದು, ಪಕ್ಕದಲ್ಲಿ ಮನೆಗೆ ಜಾಗ ಬಿಟ್ಟರೆ, ಜನ ಕೈಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಂದು ನೆಲೆಸುತ್ತಿದ್ದರು. ಹೊಲ ಮಾಡಬೇಕು, ಧಾನ್ಯದ ಉಗ್ರಾಣ ಕಟ್ಟಬೇಕು, ಬಾವಿ ತೋಡಬೇಕು, ಬಜಾರು ಇಡಬೇಕು. ಬಜಾರಿನಿಂದ ಒಬ್ಬ ಹೆಂಗಸು ಬುಟ್ಟಿ ಹಿಡಿದು ಹೊರಟು ರಸ್ತೆಗುಂಟ ನಡೆಯುತ್ತಿದ್ದಳು. ಆಕೆ ಯಾರ ಮನೆಯ ಮುಂದೆ ಹಾದಳೋ ಅವರಿಗೆ ಕಾಳು ಸಿಕ್ಕಿತು. ಹಾಯದಿದ್ದರೆ ಇಲ್ಲ. ಬಹಳ ದಿನ ಹಾಯದಿದ್ದರೆ ಆ ಮನೆಯವರು ಮತ್ತೆ ಗಾಡಿ ಹೇರಿಕೊಂಡು ಊರು ಬಿಡುತ್ತಿದ್ದರು.

ಬಾಯಿಯವರು ಮೊದಲು ಎಳೆದದ್ದೇ ಚೌಕ್. ನಾಲ್ಕು ದಿಕ್ಕಿನಿಂದ ರಸ್ತೆ, ನಡುವೆ ಕೂಡುವ ಜಾಗ, ಅದರ ಮೂಲೆಗೆ ಬಜಾರು, ಥೇಟ್ ಹುಮನಾಬಾದಿನ ಹಾಗೆ. ತಪ್ಪು ಅಲ್ಲೇ ಆಗಿತ್ತು. ಆ ಆಟದಲ್ಲಿ ಬುಟ್ಟಿಯ ಹೆಂಗಸಿಗೆ ತಾನು ಯಾವ ಓಣಿಗೆ ಹೋಗಬೇಕೆಂದು ಗೊತ್ತಿರುವುದಿಲ್ಲ. ಚೌಕಿಗೆ ಬಂದಾಗ ಮನಬಂದ ಕಡೆ ತಿರುಗುತ್ತಾಳೆ. ಹೀಗಾಗಿ ಊರಿನ ಹಿಂದಿನ ಓಣಿಗೆ ಆಕೆ ಹೋದರೆ ಹೋದಳು, ಇಲ್ಲದಿದ್ದರೆ ಇಲ್ಲ. ಆ ಓಣಿ ತುಂಬುತ್ತಿತ್ತು, ಖಾಲಿಯಾಗುತ್ತಿತ್ತು, ಮತ್ತೆ ತುಂಬುತ್ತಿತ್ತು. ಕಂಪ್ಯೂಟರ್ ರಿಪೇರಿಗೆ ಬಂದವನು ಒಮ್ಮೆ ನೋಡಿ, ಚೌಕ್ ತೆಗೆದು ಒಂದೇ ಸುತ್ತು ರಸ್ತೆ ಮಾಡ್ರಿ, ಎಲ್ಲ ಬರಾಬ್ಬರ್ ಆಗುತ್ತದೆ ಎಂದ.

"ಚೌಕ್ ಇಲ್ದ ಊರು ಹ್ಯಾಂಗಾಗ್ತದ? ಬಂದ ಮಂದಿ ಎಲ್ಲಿ ನಿಂದರಬೇಕು?" ಎಂದರು ಬಾಯಿಯವರು.

ಅವನು ನಕ್ಕು, ಅದರಾಗ ಯಾರೂ ನಿಂದರಲ್ಲ ಬಾಯಿ, ನಡೀತಾರ ಅಷ್ಟೇ ಎಂದ. ಬಾಯಿಯವರು ಹಿಂದಿನ ಓಣಿಯಲ್ಲಿ ಇನ್ನೊಂದು ಬಜಾರು ಕಟ್ಟಿದರು. ಅದಕ್ಕೆ ಕೆಲಸಗಾರರು ಸಾಲಲಿಲ್ಲ. ಇನ್ನಷ್ಟು ಮನೆ ಕಟ್ಟಿದರು. ಅವಕ್ಕೆ ಕಾಳು ಸಾಲಲಿಲ್ಲ. ದಿನಾಲೂ ಕೂತು ಒಂದು ಕಡೆ ಎಳೆದು ಇನ್ನೊಂದು ಕಡೆ ಹಚ್ಚಿ ಊರನ್ನು ನಿಲ್ಲಿಸಿಕೊಂಡಿದ್ದರು. ನನ್ನ ಸುದ್ದಿ ಟೈಪ್ ಆದ ಮೇಲೆ ನಾನೂ ಕೂತು ನೋಡುತ್ತಿದ್ದೆ. ಗೋದಿ ಹೊಲ ಉಗ್ರಾಣಕ್ಕೆ ದೂರವಾಯಿತೇ, ತೆರಿಗೆ ಇಳಿಸಿದರೆ ಜನ ಬರುತ್ತಾರೆಯೇ, ಇಂಥವೇ ನಮ್ಮ ಮಾತು. ಎರಡೂವರೆ ವರ್ಷದಲ್ಲಿ ನಾವು ನಮ್ಮ ಬಗ್ಗೆ ಹೆಚ್ಚೇನೂ ಆಡಿಕೊಳ್ಳಲಿಲ್ಲ. ಹಿಂದಿನ ಓಣಿಯ ಬಗ್ಗೆ ಬಹಳ ಆಡಿದೆವು...

ಭಾವ, ಅಂದರೆ ಗಂಡನ ಅಣ್ಣ, ಅಂಗಡಿ ಸಾಮಾನಿಗೆಂದು ಹುಮನಾಬಾದಿಗೆ ಬಂದಾಗಲೆಲ್ಲ ಮಹಡಿ ಹತ್ತುತ್ತಿದ್ದರು. ಕೈಯಲ್ಲಿ ಜೋಳದ ಚೀಲವೋ ಬೆಲ್ಲದ ಪೆಂಟೆಯೋ ಇರುತ್ತಿತ್ತು. ಬಿಳಿ ಟೋಪಿಯ ದಪ್ಪ ಮನುಷ್ಯ, ಮೆಲು ಮಾತಿನವರು. ಅವರು ಬಂದೊಡನೆ ಬಾಯಿಯವರು ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಆ ಮನೆತನದಲ್ಲಿ ತಮ್ಮನ ಹೆಂಡತಿ ಭಾವನೊಂದಿಗೆ ನೇರ ಮಾತಾಡುವ ಪದ್ಧತಿ ಇರಲಿಲ್ಲ, ಭಾವನೂ ಆಕೆಯೊಂದಿಗೆ ಆಡುವಂತಿರಲಿಲ್ಲ. ನಡುವೆ ಒಬ್ಬರು ಬೇಕು. ಮೊದಲು ವಿದ್ಯಾರ್ಥಿನಿಯರು ಆ ಕೆಲಸ ಮಾಡುತ್ತಿದ್ದರಂತೆ. ಅವರು ಬರುವುದು ನಿಂತ ಮೇಲೆ ಅದು ನನ್ನ ಪಾಲಿಗೆ ಬಂತು.

"ಮನ್ಯಾಗ ಖೋಲಿ ಖಾಲಿ ಬಿದ್ದದ, ಬಂದು ಇರು ಅಂತ ಹೇಳ್ರಿ, ಪೇಪರ್‌ನೋರ," ಎನ್ನುತ್ತಿದ್ದರು ಭಾವ. ನಾನು ಅದನ್ನು ಹಾಗೇ ಬಾಯಿಯವರಿಗೆ ಹೇಳುತ್ತಿದ್ದೆ. ಅವರು ಅಲ್ಲೇ, ಮೂರು ಮಾರು ದೂರದಲ್ಲಿ ನಿಂತು ಮೊದಲೇ ಕೇಳಿಸಿಕೊಂಡಿರುತ್ತಿದ್ದರು. ಇನ್ನೂ ಪರೀಕ್ಷೆಗೆ ಕಟ್ಟಿದವರಿದ್ದಾರೆಂದು ಹೇಳ್ರಿ, ಎನ್ನುತ್ತಿದ್ದರು ಗೋಡೆಗೆ. ನಾನು ತಿರುಗಿ ಭಾವನಿಗೆ ಹೇಳುತ್ತಿದ್ದೆ. ಕೂಡಿಸುವುದು ಕಳೆಯುವುದು ಮಾಡುತ್ತಿರಲಿಲ್ಲ. ವರದಿಗಾರನಿಗೆ ಅದು ರೂಢಿ.

ಒಮ್ಮೆ ಯಾರೂ ಇಲ್ಲದಾಗ ಭಾವ ಬಂದಿದ್ದರಂತೆ. ಬಹಳ ಹೊತ್ತು ಇಬ್ಬರೂ ಸುಮ್ಮನೆ ನಿಂತರು. ಕೊನೆಗೆ ಭಾವ ಗೋಡೆಯ ಮೇಲಿನ ಬಸವಣ್ಣನವರ ಪಟಕ್ಕೆ ಕೈಮುಗಿದು, ಜೋಳ ತಂದೀನಿ, ಹುಳ ಹತ್ತೂದರೊಳಗ ಬೀಸಿಸಬೇಕು ಎಂದರು. ಬಾಯಿಯವರೂ ಪಟಕ್ಕೇ ಹೂಂ ಎಂದರು. ಇದನ್ನು ಹೇಳುವಾಗ ಬಾಯಿಯವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಭಾವನ ಕೇಳಿಕೆ ವರ್ಷದಿಂದ ವರ್ಷಕ್ಕೆ ಗಟ್ಟಿಯಾಯಿತು. ಒಂಟಿ ಹೆಂಗಸು, ಕೆಳಗೆ ಲಾರಿಯವರು, ಟೈಪಿಂಗ್ ಕಲಿಯುವವರಿಲ್ಲ. ಬಾಯಿಯವರಿಗೆ ಹೇಳಲು ನೆಪಗಳು ತೀರುತ್ತಿದ್ದವು. 2001ರ ಒಂದು ಮಧ್ಯಾಹ್ನ ಭಾವ ಹೊಸ್ತಿಲಲ್ಲಿ ನಿಂತು, ತೆರೆಯ ಮೇಲೆ ಓಡಾಡುವ ಸಣ್ಣ ಮಂದಿಯನ್ನು ಬಹಳ ಹೊತ್ತು ನೋಡಿದರು.

"ದಿನಾ ಇಲ್ಲಿ ಕುಂತು ಏನ್ ಮಾಡಾಕತ್ತಾಳಂತ ಕೇಳ್ರಿ."

ಕೇಳಿದೆ.

"ಊರು ನಡಸಾಕತ್ತೀನಿ ಅಂತ ಹೇಳ್ರಿ," ಎಂದರು ಬಾಯಿಯವರು. "ಬಿಟ್ಟು ಬಂದ್ರ ಹಿಂದಿನ ಓಣಿ ಮಂದಿ ಉಪಾಸ ಬೀಳ್ತಾರ."

ಹೇಳಿದೆ. ಭಾವ ಟೋಪಿ ತೆಗೆದು ತಲೆ ಸವರಿಕೊಂಡರು. ಅಂಗಡಿಯವರಲ್ಲವೇ, ಅವರಿಗೆ ತಟ್ಟನೆ ತಿಳಿದದ್ದು ಒಂದೇ. ಬಜಾರಿನಾಕಿ ಉದ್ರಿ ಕೊಡ್ತಾಳೇನು ಕೇಳ್ರಿ, ಎಂದರು. ಸಾಲ ಕೊಡುವುದಿಲ್ಲ ಎಂಬ ಉತ್ತರ ಬಂತು. ಹಂಗಾದ್ರ ಅದೇನ್ ಊರು, ಎನ್ನುತ್ತ ಮೆಟ್ಟಿಲಿಳಿದು ಹೋದರು.

2002ರ ಮೇ ತಿಂಗಳಲ್ಲಿ ಅವರು ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ಬೆಂಚಿನ ಮೇಲೆ ಕೂತರು. ಬಾಯಿಯವರು ಸೆರಗು ಎಳೆದುಕೊಂಡು ನಿಂತರು. ನಾನು ಟೈಪ್ ನಿಲ್ಲಿಸಿ ಕಾದೆ. ಭಾವ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರ ಹೆಂಡತಿಗೆ ಲಕ್ವಾ ಹೊಡೆದು ಎಡಮೈ ಬಿದ್ದದ್ದು, ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ನಮಗೆ ಆಗಲೇ ಗೊತ್ತಿತ್ತು. ಹೆಣ್ಣುಮಕ್ಕಳು ಲಗ್ನವಾಗಿ ದೂರ ಹೋಗಿದ್ದರು. ಕೆಳಗೆ ಯಾವುದೋ ಬಸ್ಸಿನ ಕಂಡಕ್ಟರ್ ಗುಲಬರ್ಗಾ, ಗುಲಬರ್ಗಾ ಎಂದು ಕೂಗುತ್ತಿದ್ದ. ಆ ಕೂಗು ದೂರವಾದ ಮೇಲೆ ಬಾಯಿಯವರು ಗೋಡೆಯಿಂದ ಮುಖ ತಿರುಗಿಸಿದರು.

"ಭಾವನೋರ, ಅಕ್ಕನ ಹತ್ರ ಯಾರದಾರ್ರಿ?"

ಭಾವ ಬೆಚ್ಚಿ ನನ್ನ ಕಡೆ ನೋಡಿದರು.

"ಯಾರೂ ಇಲ್ಲಂತ ಹೇಳ್ರಿ," ಎಂದರು ನನಗೆ.

ನಾನು ಹೇಳುವ ಅಗತ್ಯ ಬೀಳಲಿಲ್ಲ.

ಆಮೇಲಿನದೆಲ್ಲ ಬೇಗ ಆಯಿತು. ಪರೀಕ್ಷೆಗೆ ಕಟ್ಟಿದ್ದ ಇಬ್ಬರನ್ನು ಬೀದರಿನ ಇನ್‌ಸ್ಟಿಟ್ಯೂಟಿಗೆ ಕಳಿಸಿದರು. ಕಂಪ್ಯೂಟರನ್ನು ಪೇಟೆಯ ಫೋಟೋ ಸ್ಟುಡಿಯೋದವರು ಕೊಂಡರು, ಒಯ್ಯುವುದು ಕೊನೆಯ ದಿನವೆಂದಾಯಿತು. ಟೈಪ್‌ರೈಟರುಗಳನ್ನು ಬಾಯಿಯವರು ಕೊಡಲಿಲ್ಲ, ಜೊತೆಗೇ ಬರಲಿ ಎಂದರು. ಹೊರಡುವ ಹಿಂದಿನ ದಿನ ನಾನು ಹೋದಾಗ ಆಟ ತೆರೆದು ಕೂತಿದ್ದರು. ಸಾಮಾನೆಲ್ಲ ಕಟ್ಟಿತ್ತು, ಬಸವಣ್ಣನವರ ಪಟವಿದ್ದ ಕಡೆ ಸುಣ್ಣದ ಬಿಳಿ ಚೌಕಟ್ಟು ಉಳಿದಿತ್ತು. ಬಾಯಿಯವರು ರಸ್ತೆ ಕೀಳುವ ಗುರುತು ಒತ್ತಿ, ಚೌಕಿನ ನಾಲ್ಕೂ ಕಡೆ ಒಂದೊಂದೇ ಚೂರು ತೆಗೆದು, ಉಳಿದ ತುದಿಗಳನ್ನು ಸುತ್ತಲಿಂದ ಕೂಡಿಸಿದರು. ಊರಿನ ಸುತ್ತ ಒಂದೇ ರಸ್ತೆ ಉಳಿಯಿತು. ಬುಟ್ಟಿಯ ಹೆಂಗಸು ಹೊರಟಳು. ತಿರುಗಲು ಬೇರೆ ದಾರಿಯಿಲ್ಲದ್ದರಿಂದ ಎಲ್ಲ ಮನೆಗಳ ಮುಂದೆ ಹಾದು, ಹಿಂದಿನ ಓಣಿಯನ್ನೂ ಹಾದು, ಹೊರಟಲ್ಲಿಗೇ ಬಂದಳು. ಮತ್ತೆ ಹೊರಟಳು. ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ಹಿಂದಿನ ಓಣಿಯ ಗುಡಿಸಲುಗಳು ಮನೆಗಳಾಗಿದ್ದವು.

"ನೋಡ್ರಿ, ಇನ್ನ ನಾ ಇಲ್ದಿದ್ರೂ ನಡೀತದ," ಎಂದರು ಬಾಯಿಯವರು.

ಕಿಟಕಿ ತೆರೆದಿತ್ತು. ಅವತ್ತು ಅವರು ಕೆಳಗೆ ನೋಡಲಿಲ್ಲ.

ಮರುವರ್ಷ ನನ್ನನ್ನು ಗುಲಬರ್ಗಾ ಡೆಸ್ಕಿಗೆ ಹಾಕಿದರು. 2004ರಲ್ಲಿ ಚುನಾವಣೆಯ ಕೆಲಸಕ್ಕೆ ಬಸವಕಲ್ಯಾಣಕ್ಕೆ ಹೋದಾಗ ಭಾವನ ಅಂಗಡಿ ಹುಡುಕಿದೆ. ಅವರು ಗುರುತು ಹಿಡಿದು, ಅಂಗಡಿಯ ಹಿಂದಿನ ಮನೆಗೆ ಕರೆದೊಯ್ದರು. ಅಂಗಳ, ಬಾವಿ, ಹೇಳಿದ ಹಾಗೇ ಇದ್ದವು. ಒಳಗಿನ ಕೋಣೆಯಿಂದ ರೋಗಿಯ ಕೆಮ್ಮು ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ನಂತರ ನಡುಮನೆಯ ಬಾಗಿಲ ಹಿಂದೆ ಸೆರಗಿನ ಅಂಚು ಕಂಡಿತು.

"ಭಾವನೋರ, ಪೇಪರ್‌ನೋರಿಗಿ ಚಾ ತಗೋಳ್ಳಾಕ ಹೇಳ್ರಿ," ಎಂಬ ಮಾತು ಬಂತು.

ಆ ಮನೆಯಲ್ಲಿ ಸೊಸೆ ಹೊರಗಿನ ಗಂಡಸಿನೊಂದಿಗೆ ಮಾತಾಡುವಂತಿರಲಿಲ್ಲ. ಭಾವನೊಂದಿಗೆ ಈಗ ನೇರ ಮಾತಿತ್ತು, ನನ್ನೊಂದಿಗೆ ನಿಂತಿತ್ತು. ಚಾ ತಗೋಬೇಕಂತ್ರಿ, ಎಂದರು ಭಾವ ನನಗೆ. ತೆಗೆದುಕೊಂಡೆ. ಆರಾಮ ಇದ್ದಾರೇನು ಕೇಳಿ ಎಂದೆ. ಆರಾಮ ಅದೀನಂತ್ರಿ, ಎಂದರು. ಏನು ಕೇಳಬೇಕೆಂದು ತಿಳಿಯದೆ, ಊರಿನ ನೆನಪು ಬರುತ್ತದೆಯೇ ಎಂದೆ. ಯಾವ ಊರೆಂದು ಹೇಳಲಿಲ್ಲ.

ಬಾಗಿಲ ಹಿಂದೆ ಸೆರಗಿನ ಅಂಚು ಅಲುಗಿತು.

"ಚೌಕ್ ತೆಗೀಬಾರ್ದಿತ್ತು ಅಂತ ಹೇಳ್ರಿ."

ಭಾವನಿಗೆ ಅರ್ಥವಾಗಲಿಲ್ಲ. ಆದರೂ ಒಳ್ಳೆಯ ವರದಿಗಾರನಂತೆ ಇದ್ದದ್ದನ್ನು ಇದ್ದ ಹಾಗೇ ಮುಟ್ಟಿಸಿದರು.

"ಚೌಕ್ ತೆಗೀಬಾರ್ದಿತ್ತಂತ್ರಿ. ಏನ್ ಚೌಕೋ, ನಮಗೇನ್ ಗೊತ್ತು."

ಹೌದೆಂದು ಹೇಳ್ರಿ, ಎಂದೆ. ಅವರು ಹೇಳಿದರು. ಸೆರಗಿನ ಅಂಚು ಬಾಗಿಲಿನಿಂದ ಸರಿಯಿತು. ಅದೇ ಕೊನೆ. ನಾನು ಮತ್ತೆ ಆ ಕಡೆ ಹೋಗುವ ಹೊತ್ತಿಗೆ ವರ್ಷಗಳು ಕಳೆದಿದ್ದವು, ಬಾಯಿಯವರು ಇರಲಿಲ್ಲ. ತೀರಿಕೊಂಡದ್ದು ಗೊತ್ತಾದದ್ದು ಡೆಸ್ಕಿನಲ್ಲಿ, ಜಿಲ್ಲಾ ಪುಟದ ನಿಧನ ವಾರ್ತೆಗಳನ್ನು ನೋಡುವಾಗ. ಕಿರಾಣಿ ವ್ಯಾಪಾರಿಯ ತಮ್ಮನ ಪತ್ನಿ ಎಂದಿತ್ತು. ಇನ್‌ಸ್ಟಿಟ್ಯೂಟಿನ ಮಾತಿರಲಿಲ್ಲ. ಅದರ ಬಗ್ಗೆ ಒಂದು ಸಾಲು ಸೇರಿಸಿದೆ. ಜಾಗ ಸಾಲದೆ ಪುಟ ಕಟ್ಟುವವರು ಆ ಸಾಲನ್ನು ತೆಗೆದರು...

ಕಳೆದ ಚಳಿಗಾಲ ಗುಜರಿಯವನನ್ನು ಕೇಳಿದೆ, ಈ ಯಂತ್ರಗಳು ಎಲ್ಲಿಯವು ಎಂದು. ಯಾವುದೋ ಹಳೆಯ ಮನೆ ಕೆಡವಿದಾಗ ಅಟ್ಟದ ಮೇಲಿಂದ ಬಂದವು, ಯಾರ ಮನೆಯೋ ಗೊತ್ತಿಲ್ಲ ಎಂದ. ಮೇಲಿದ್ದ ಯಂತ್ರದ ಒಂದು ಕೀಲಿ ಒತ್ತಿ ನೋಡಿದೆ. ಅಕ್ಷರದ ಕಡ್ಡಿ ಅರ್ಧ ಎದ್ದು ಅಲ್ಲೇ ನಿಂತಿತು.

ಸಂಜೆ ಅವನ್ನು ಹೈದರಾಬಾದಿನ ಲಾರಿಗೆ ಹೇರಿದರು. ಆ ದಾರಿ ಹುಮನಾಬಾದಿನ ಮೇಲೆಯೇ ಹಾದರೂ, ಹೆದ್ದಾರಿಯ ಲಾರಿಗಳು ಈಗ ಅಲ್ಲಿನ ಚೌಕಿಗೆ ಬರುವುದಿಲ್ಲ. ಊರ ಹೊರಗಿನ ಬೈಪಾಸಿನಲ್ಲಿ ಹೋಗುತ್ತವೆ.