ಡುಲುತ್‌ನಲ್ಲಿ ನಿದ್ದೆ ಕಾಯುವ ಲೆಂಪಿ

ಡುಲುತ್ ಊರಿನ ಸರೋವರದ ಮೇಲಿನ ಕತ್ತಲು ಇನ್ನೂ ಕರಗಿಲ್ಲ. ಲೆಂಪಿ ಸಾರೇಲಾ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ರೋಲಿ ಜುಪಾನ್ ಅವರ ಕೂದಲಿಗೆ ಮೆತ್ತಿಕೊಂಡ ಅಂಟನ್ನು ಒರೆಸುತ್ತಿದ್ದಾರೆ. ನಿದ್ದೆ ಪರೀಕ್ಷೆಗೆಂದು ರಾತ್ರಿಯೆಲ್ಲ ಆ ತಲೆಗೆ, ಎದೆಗೆ, ಬೆರಳಿಗೆ ತಂತಿಗಳಿದ್ದವು. ಪಕ್ಕದ ಕೋಣೆಯಲ್ಲಿ ಕೂತು ಲೆಂಪಿ ಆ ನಿದ್ದೆಯನ್ನು ಪರದೆಯ ಮೇಲೆ ಕಾದಿದ್ದಾರೆ.

"ಏನ್ರೀ ಲೆಂಪಿ, ಪಾಸೋ ಫೇಲೋ?"

"ಅದನ್ನ ಡಾಕ್ಟ್ರು ಹೇಳ್ತಾರೆ."

"ಕಣ್ಣಾರೆ ನೋಡಿದ್ದು ನೀವು. ಡಾಕ್ಟ್ರು ಮನೇಲಿ ಗೊರಕೆ ಹೊಡೀತಿದ್ರು."

"ಹೊಡೀಲಿ ಬಿಡಿ. ಕತ್ತು ಈ ಕಡೆ ತಿರುಗ್ಸಿ."

ನಿದ್ದೆ ಪರೀಕ್ಷೆ ಮಾಡುವವರು ಕಂಡದ್ದನ್ನು ಮಲಗಿದವರಿಗೆ ಹೇಳುವಂತಿಲ್ಲ, ಈ ಕೆಲಸದ ಕಟ್ಟಳೆಯೇ ಅದು. ಬೆಳಗಾದರೆ ಎಲ್ಲರೂ ಕೇಳುತ್ತಾರೆ, ಲೆಂಪಿ ಎಲ್ಲರಿಗೂ ಇದೊಂದೇ ಉತ್ತರ ಕೊಡುತ್ತಾರೆ. ರೋಲಿಗೆ ಮಾತ್ರ ಕಾಯುವ ತಾಳ್ಮೆಯಿಲ್ಲ. ಅವರು ಅದಿರಿನ ರೈಲು ಓಡಿಸುವವರು. ಎಂಜಿನ್ನಿನಲ್ಲಿ ತೂಕಡಿಸಿದ್ದನ್ನು ಜೊತೆಯವನು ಕಂಡಿದ್ದಾನೆ. ನಿದ್ದೆ ನೆಟ್ಟಗಾಯಿತೆಂದು ಡಾಕ್ಟರು ಬರೆದುಕೊಡದಿದ್ದರೆ ಆ ಸೀಟು ಅವರಿಗೆ ಮತ್ತೆ ಸಿಗುವುದಿಲ್ಲ.

ಹಾಸಿಗೆಗೆ ಬಿದ್ದರೆ ಬೆಳಗಾದದ್ದೇ ತಿಳಿಯುವುದಿಲ್ಲ ಎನ್ನುತ್ತಾರೆ ರೋಲಿ. ರಾತ್ರಿಯ ಮೊದಲರ್ಧದಲ್ಲಿ ಪರದೆ ತೋರಿಸಿದ್ದು ಬೇರೆ. ಗಂಟಲು ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ. ಆಗ ಮೈಯೇ ಅವರನ್ನು ತಟ್ಟಿ ಎಬ್ಬಿಸುತ್ತದೆ. ಉಸಿರೆಳೆದುಕೊಂಡು ಮತ್ತೆ ನಿದ್ದೆಗೆ ಜಾರುತ್ತಾರೆ, ಎದ್ದದ್ದೇ ನೆನಪಿರುವುದಿಲ್ಲ. ಆದರೆ ಅಷ್ಟರಲ್ಲಿ ಎದೆಬಡಿತ ಏರಿರುತ್ತದೆ, ರಕ್ತದ ಒತ್ತಡ ಜಿಗಿದಿರುತ್ತದೆ, ಬೆರಳತುದಿಯ ರಕ್ತನಾಳಗಳು ಬಿಗಿದಿರುತ್ತವೆ. ನಮ್ಮ ಅಪ್ಪಣೆ ಕೇಳದೆ ಎದೆ, ಹೊಟ್ಟೆ, ಬೆವರನ್ನೆಲ್ಲ ನೋಡಿಕೊಳ್ಳುವ ನರಗಳಿವೆಯಲ್ಲ, ಅವುಗಳಲ್ಲಿ ಎರಡು ಪಾಲು. ಒಂದು ಹುರಿದುಂಬಿಸುವುದು, ಇನ್ನೊಂದು ತಣಿಸುವುದು. ರಾತ್ರಿ ತಣಿಸುವವುಗಳ ಪಾಳಿ. ನಿದ್ದೆ ಹೀಗೆ ತುಂಡು ತುಂಡಾದರೆ ಆ ಪಾಳಿ ಸರಿಯಾಗಿ ನಡೆಯುವುದೇ ಇಲ್ಲ. ಹಗಲಿನಲ್ಲೂ ಮೈ ಬಿಗಿದುಕೊಂಡೇ ಇರುತ್ತದೆ.

"ಮನುಷ್ಯ ಕಣ್ಮುಚ್ಚಿ ಸುಮ್ನೆ ಬಿದ್ಕೊಂಡಿರ್ತಾನೆ," ಎನ್ನುತ್ತಾರೆ ಲೆಂಪಿ. "ಒಳಗೆ ನೋಡಿದ್ರೆ ಬಾಗಿಲಿಗೆ ಕರಡಿ ಬಂದ ಹಾಗೆ ಎದೆ ಹೊಡ್ಕೊಳ್ತಿರುತ್ತೆ. ಎಷ್ಟು ವರ್ಷದಿಂದ ನೋಡ್ತಿದೀನಿ, ಇವತ್ತಿಗೂ ಮೈ ಜುಂ ಅನ್ನುತ್ತೆ."

ಲೆಂಪಿಯ ತಂದೆ ಸರೋವರದ ಹಡಗಿನಲ್ಲಿ ಅಡುಗೆಯವರಾಗಿದ್ದರು. ಲೆಂಪಿ ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆದರು, ಆಸ್ಪತ್ರೆಯ ನೆಲ ಒರೆಸಿದರು. ನಲವತ್ತು ದಾಟಿದ ಮೇಲೆ ಈ ಕೆಲಸ ಕಲಿತರು. ಈಗ ರಾತ್ರಿಗೆ ಇಬ್ಬರನ್ನು ಕಾಯುತ್ತಾರೆ, ಕೆಲವೊಮ್ಮೆ ಒಬ್ಬರನ್ನೇ. ಹಗಲು ಕಿಟಕಿಗೆ ಕಂಬಳಿ ಕಟ್ಟಿ ಮಲಗಿದರೆ ಹಿಮ ಗೋರುವ ಲಾರಿ ಎಬ್ಬಿಸುತ್ತದೆ. ಅವರಿಗೂ ರಕ್ತದ ಒತ್ತಡ ಏರಿದೆ, ಮಾತ್ರೆ ನುಂಗುತ್ತಾರೆ. "ಊರಿಗೆಲ್ಲ ನಿದ್ದೆ ಹಂಚಿ ನಾನು ಬರೀ ತಟ್ಟೆ ನೆಕ್ತೀನಿ," ಎಂದು ನಗುತ್ತಾರೆ.

ಗಂಟಲು ತೆರೆದಿಡಲು ಗಾಳಿ ಊದುವ ಒಂದು ಮುಖವಾಡವಿದೆ. ನಿನ್ನೆ ನಡುರಾತ್ರಿ ಅದನ್ನು ಕಟ್ಟಿದಾಗ ರೋಲಿ ಎರಡು ಸಲ ಕಿತ್ತೆಸೆದರಂತೆ. "ಉಸಿರು ಕಟ್ಟಿ ಸಾಯ್ತೀನಿ. ರೈಲೂ ಬೇಡ, ಏನೂ ಬೇಡ, ಪ್ಯಾಂಟು ಎಲ್ಲಿಟ್ರಿ?"

ಲೆಂಪಿ ಮುಖವಾಡದ ಪಟ್ಟಿಗಳನ್ನೇ ಬಿಚ್ಚಿಹಾಕಿದರು. "ಕಟ್ಟಲ್ಲ. ನೀವೇ ಕೈಯಲ್ಲಿ ಹಿಡ್ಕೊಳ್ಳಿ. ಬೇಡ ಅನ್ನಿಸಿದ್ರೆ ಕೈ ತೆಗೀರಿ."

ರೋಲಿ ಗೊಣಗುತ್ತಲೇ ಹಿಡಿದುಕೊಂಡರು. ನಿದ್ದೆ ಹತ್ತಿ ಕೈ ಜಾರಿದಾಗ ಲೆಂಪಿಯ ಕೈ ಅಲ್ಲಿತ್ತು. ನಿದ್ದೆ ಗಟ್ಟಿಯಾಗುವವರೆಗೆ ಬಗ್ಗಿ ಹಿಡಿದೇ ನಿಂತಿದ್ದು, ಆಮೇಲೆ ಮೆಲ್ಲಗೆ ಪಟ್ಟಿ ಕಟ್ಟಿ ಪರದೆಯ ಮುಂದೆ ಬಂದು ಕೂತರು.

"ಎದೆ ನಿಧಾನ ಆಯ್ತು. ಬೆರಳಲ್ಲಿ ರಕ್ತದ ಅಲೆ ದೊಡ್ಡದಾಯ್ತು. ಯಾರೂ ಹೇಳ್ಲಿಲ್ಲ ಅದಕ್ಕೆ, ತಾನಾಗೇ. ಹಾಗೆ ಆಗೋದನ್ನ ನೋಡ್ವಾಗ ಚರ್ಚಲ್ಲಿ ನಿಂತ ಹಾಗಿರುತ್ತೆ ನಂಗೆ," ಎನ್ನುತ್ತಾರೆ ಲೆಂಪಿ, ರೋಲಿಗೆ ಕೇಳಿಸದ ಹಾಗೆ.

ಬೂಟಿನ ಹಿಮ ಕೊಡವುತ್ತ ಡಾಕ್ಟರು ಬರುತ್ತಾರೆ, ರಾತ್ರಿಯ ಗೆರೆಗಳನ್ನು ನೋಡುತ್ತಾರೆ. "ರೋಲಿ, ಒಂದು ತಿಂಗಳು ದಿನಾ ಇದನ್ನ ಹಾಕ್ಕೊಂಡು ಮಲಗಿ. ಹೀಗೇ ಇದ್ರೆ ಎಂಜಿನ್ ಹತ್ತಬಹುದು ಅಂತ ಬರ್ಕೊಡ್ತೀನಿ."

ಸೌನಾದ ಬಿಸಿ ಹಬೆಯಲ್ಲಿ ಕೂತು ಹೊರಬಂದವರಂತೆ ರೋಲಿಯ ಮುಖ ಸಡಿಲಾಗಿದೆ. ಹೆಂಡತಿಗೆ ಹೇಳಲು ಹೊರಗೆ ಧಾವಿಸುತ್ತಾರೆ.

ಕರೆದೊಯ್ಯಲು ಬಂದ ಹೆಂಡತಿ ಡಾರ್ಲೀನ್ ಹೊರಗಿನ ಕೋಣೆಯ ಕುರ್ಚಿಯಲ್ಲಿ ಕೋಟು ಹೊದ್ದು ನಿದ್ದೆಹೋಗಿದ್ದಾರೆ. ಗಂಡನ ಉಸಿರು ನಿಂತಾಗಲೆಲ್ಲ ಮೊಣಕೈಯಿಂದ ತಿವಿದು ಎಬ್ಬಿಸುತ್ತ ವರ್ಷಗಳನ್ನೇ ಕಳೆದವರು ಆಕೆ. ನಿನ್ನೆ ರಾತ್ರಿ ಅವರಿಗೆ ಆ ಕೆಲಸವಿರಲಿಲ್ಲ.

"ಡಾರ್ಲೀನ್, ಏಳೇ..."

"ಶ್," ಲೆಂಪಿ ತೋಳು ಹಿಡಿದು ನಿಲ್ಲಿಸುತ್ತಾರೆ. "ಸುಮ್ನೆ ಕೂತ್ಕೊಳ್ರೀ."

"ಎಷ್ಟೊತ್ತು?"

"ಅವರಾಗೇ ಏಳೋವರೆಗೆ."

ರೈಲು ಓಡಿಸುವ ಆ ದೊಡ್ಡ ಮನುಷ್ಯ ಸದ್ದಿಲ್ಲದೆ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಲೆಂಪಿ ದೀಪ ಆರಿಸಿ, ಬಾಗಿಲು ಮುಂದೆ ಮಾಡಿ, ಕೋಟು ಹಾಕಿಕೊಳ್ಳುತ್ತಾರೆ.

"ಪರೀಕ್ಷೆ ಕಾಗದದಲ್ಲಿ ಒಬ್ಬರ ಹೆಸರೇ ಇದೆ," ಎನ್ನುತ್ತಾರೆ ಮೆಲ್ಲಗೆ. "ಮಲಗ್ಸಿದ್ದು ಇಬ್ಬರನ್ನ."