ಮಾಬ್ಲಣ್ಣನ ಪಾಸು ಮತ್ತು ಇಲ್ಲದ ಬಸ್ಸು

ಬಸ್ಸು ನಿಲ್ಲಿಸಲು ಮಾಬ್ಲಣ್ಣ ಎಂದೂ ಕೈ ಅಡ್ಡ ಹಿಡಿದವನಲ್ಲ. ಊರುಗೋಲನ್ನೇ ರಸ್ತೆಗೆ ಚಾಚುತ್ತಿದ್ದ. ಬಸ್ಸು ನಿಂತ ಮೇಲೆ ಅದೇ ಕೋಲಿನಿಂದ ಬಾಗಿಲ ತಗಡಿಗೊಂದು ಬಾರಿಸಿ, ಕೋಲನ್ನು ಮೊದಲು ಒಳಗೆಸೆದು, ಎರಡೂ ಕೈಯಲ್ಲಿ ಸರಳು ಹಿಡಿದು ಮೈಯನ್ನು ಮೇಲೆಳೆದುಕೊಳ್ಳುತ್ತಿದ್ದ. ಹಿಂದಿನಿಂದ ಯಾರಾದರೂ ಎತ್ತಲು ಹೋದರೆ ಸಿಡುಕುತ್ತಿದ್ದ: "ಯನ್ನ ಎತ್ತಡ. ಯನ್ನ ಸೀಟಲ್ಲಿ ಕೂತವನ್ನ ಎಬ್ಸು."

ಪೋಲಿಯೋದಿಂದ ಅವನ ಒಂದು ಕಾಲು ಸೊರಗಿತ್ತು. ಅದಕ್ಕೆ ಉದ್ದಕ್ಕೂ ಕಬ್ಬಿಣದ ಪಟ್ಟಿ. ಸಿರ್ಸಿ ಪೇಟೆಯಲ್ಲಿ ಅವನದೊಂದು ಮಿಕ್ಸರ್ ರಿಪೇರಿ ಅಂಗಡಿ ಇತ್ತು. ನಾನು ಅದೇ ಬೀದಿಯ ಸೊಸೈಟಿಯಲ್ಲಿ ಗುಮಾಸ್ತೆ. ಭೈರುಂಬೆಯಾಚೆಯ ನಮ್ಮ ಕ್ರಾಸಿನಲ್ಲಿ ಬೆಳಗಿನ ಆರ್ಡಿನರಿ ಬಸ್ಸಿಗೆ ವರ್ಷಗಟ್ಟಲೆ ಒಟ್ಟಿಗೆ ಕಾದವರು ನಾವು. ಅವನು ಸರ್ಕಾರಕ್ಕೆ ಮಾಡುತ್ತಿದ್ದ ಮಂಗಳಾರತಿಯಿಂದಲೇ ನನ್ನ ದಿನ ಶುರುವಾಗುತ್ತಿತ್ತು.

ರಿಯಾಯಿತಿ ಪಾಸನ್ನು ಅವನು ವರ್ಷವರ್ಷವೂ ಹೊಸದು ಮಾಡಿಸಬೇಕಿತ್ತು. "ಯನ್ನ ಕಾಲೆಂತ ಪ್ರತಿ ವರ್ಷ ಬೆಳೀತಾ? ಬಪ್ಪ ವರ್ಷ ಸರಿ ಆಗ್ತು ಹೇಳಿ ಯನಗಿಂತ ಅವಕ್ಕೇ ಜಾಸ್ತಿ ಆಸೆ" ಎನ್ನುತ್ತಿದ್ದ. ರೈಲಿನ ರಿಯಾಯಿತಿ ಕಾರ್ಡನ್ನೂ ಹಠ ಹಿಡಿದು ಮಾಡಿಸಿಕೊಂಡಿದ್ದ. ರೈಲೋ, ಸಿದ್ದಾಪುರದಾಚೆಯ ತಾಳಗುಪ್ಪದಲ್ಲೇ ನಿಂತುಬಿಟ್ಟಿದೆ, ಸಿರ್ಸಿಗೆ ಬಂದೇ ಇಲ್ಲ. ಕೇಳಿದವರಿಗೆಲ್ಲ ಕಾರ್ಡು ತೋರಿಸಿ, "ಯನ್ನ ಬದಿಯಿಂದ ಎಲ್ಲ ತಯಾರಿದ್ದು. ರೈಲಿನ ಬದಿಯಿಂದೇ ತಡ" ಎಂದು ಗಂಭೀರವಾಗಿ ಹೇಳುತ್ತಿದ್ದ.

ಒಂದು ಸೋಮವಾರ ಆರ್ಡಿನರಿ ಬಸ್ಸು ಬರಲಿಲ್ಲ. ಕಲೆಕ್ಷನ್ ಸಾಲದೆಂದು ಆ ಬಸ್ಸನ್ನೇ ಕಾಯಮ್ಮಾಗಿ ರದ್ದು ಮಾಡಿದ್ದರಂತೆ. ಉಳಿದದ್ದು ಯಲ್ಲಾಪುರದ ಕಡೆಯಿಂದ ಬರುವ ಎಕ್ಸ್‌ಪ್ರೆಸ್, ಅದಕ್ಕೆ ನಮ್ಮಲ್ಲಿ ನಿಲುಗಡೆಯಿಲ್ಲ. ಮಾಬ್ಲಣ್ಣ ನಡುರಸ್ತೆಗೇ ಹೋಗಿ ಕೋಲು ಚಾಚಿ ನಿಂತ. ಬ್ರೇಕು ಕಿರುಚಿತು. ಹಾವೇರಿ ಕಡೆಯ ಕಂಡಕ್ಟರು ಬಾಗಿಲಲ್ಲೇ ನಿಂತು ಕೈಮುಗಿದ.

"ಯಜಮಾನ್ರ, ಇಲ್ಲಿ ಸ್ಟಾಪ್ ಇಲ್ರಿ. ನಿಮ್ಮ ಪಾಸೂ ಇದಕ್ಕ ನಡ್ಯಂಗಿಲ್ರಿ."

"ಪಾಸು ಬ್ಯಾಡ ಮಾರಾಯಾ. ಪೂರ್ತಿ ಟಿಕೆಟ್ ಹರಿ."

"ಹತ್ತಿಸ್ಕೊಂಡ್ರ ನನ್ನ ನೌಕ್ರಿಗೆ ಬರ್ತದ್ರಿ. ದಾರಿ ಬಿಡ್ರಿ."

ಸೀಟಿ ಊದಿದ. ಬಸ್ಸು ಅವನನ್ನು ಬಳಸಿಕೊಂಡು ಹೊರಟುಹೋಯಿತು. ಮಾಬ್ಲಣ್ಣ ನನ್ನತ್ತ ತಿರುಗಿದ. "ಹೆಂಗಸ್ರಿಗೆ ಪುಕ್ಕಟೆ, ಕುಂಟಂಗೆ ರಿಯಾಯಿತಿ. ಇಬ್ರಿಗೂ ಬಸ್ಸಿಲ್ಲೆ. ಸಮಾನತೆ ಹೇಳಿದ್ರೆ ಇದು, ತಂಗಿ."

ನನಗೆ ಸ್ಕೂಟಿಯಾದರೂ ಇತ್ತು. ಅವನ ಕಾಲು ಮಡಚುವುದಿಲ್ಲ. ಹಿಂದೆ ಕೂರಿಸಿಕೊಂಡ ದಿನವೇ ಇಬ್ಬರೂ ಗಟಾರಕ್ಕೆ ಬಿದ್ದೆವು. ದಿನವೂ ಆಟೋ ಮಾಡಿದರೆ ದುಡಿದದ್ದೆಲ್ಲ ಆಟೋದವನಿಗೇ. ಅಂಗಡಿ ತೆರೆದ ದಿನಗಳಿಗಿಂತ ಮುಚ್ಚಿದ ದಿನಗಳು ಹೆಚ್ಚಾದವು. ಅವನು ಯಾರ ಹಂಗಿನ ಊಟವೂ ಬೇಡವೆಂದು ತಮ್ಮನ ಮನೆಯ ಹಿಂಬದಿಯ ಕೋಣೆಯಲ್ಲಿ ಬೇರೆ ಒಲೆ ಹೂಡಿದ್ದವನು. ಆ ಒಲೆ ಉರಿಯುತ್ತಿದ್ದುದು ಈ ಅಂಗಡಿಯಿಂದ.

ಅದೇ ವರ್ಷ ಅಂಗವಿಕಲರ ದಿನಾಚರಣೆಗೆ ಅವನಿಗೆ ಆಮಂತ್ರಣ ಬಂತು. ವೇದಿಕೆಯಲ್ಲಿ ಹೊಸ ಪಾಸು ಕೊಡುತ್ತಾರಂತೆ. ಆಟೋ ಮಾಡಿಕೊಂಡು ನಾನೂ ಜೊತೆಗೆ ಹೋದೆ. ಸಭಾಂಗಣ ಮಹಡಿಯ ಮೇಲೆ! ಮೆಟ್ಟಿಲು ಹತ್ತಲಾಗದವರಿಗೆ ಮಹಡಿಯ ಮೇಲೆ ಸನ್ಮಾನ ಇಟ್ಟುಕೊಳ್ಳುವ ಬುದ್ಧಿ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ. ಮಾಬ್ಲಣ್ಣ ಒಂದೊಂದೇ ಮೆಟ್ಟಿಲಲ್ಲಿ ಕೂತು, ಸರಿದು, ಹತ್ತಿದ. ಮೇಲೆ ಮುಖ್ಯ ಅತಿಥಿಗಳು ಗಂಟಲು ನಡುಗಿಸುತ್ತಿದ್ದರು: "ನೀವು ಅಂಗವಿಕಲರಲ್ಲ, ದೇವರು ನಿಮಗೆ ವಿಶೇಷ ಶಕ್ತಿ ಕೊಟ್ಟಿದ್ದಾನೆ."

"ಆ ಶಕ್ತಿ ನೀವೇ ಇಟ್ಕಳಿ ಸ್ವಾಮಿ," ಮಾಬ್ಲಣ್ಣ ಕೂತಲ್ಲಿಂದಲೇ ಕೂಗಿದ. "ನಮಗೆ ಬೆಳಗಿನ ಬಸ್ ಬಿಡಿ."

ಸಭೆ ಚಪ್ಪಾಳೆ ತಟ್ಟಿತು. ತಮ್ಮ ಭಾಷಣಕ್ಕೆಂದುಕೊಂಡು ಅತಿಥಿಗಳು ಕೈಮುಗಿದರು. ಆಮೇಲೆ ಅಧಿಕಾರಿಯೊಬ್ಬರು ಹತ್ತಿರ ಬಂದು, ಮಕ್ಕಳಿಗೆ ಹೇಳುವ ಧಾಟಿಯಲ್ಲಿ ತಿಳಿಸಿದರು: "ರಿಯಾಯಿತಿಗೆ ಅನುದಾನ ಬಂದಿದೆ. ಬಸ್ಸಿಗೆ ಬಂದಿಲ್ಲ. ಎರಡೂ ಬೇರೆ ಬೇರೆ ಲೆಕ್ಕ."

ಮರುವರ್ಷ ಮಾಬ್ಲಣ್ಣ ಪಾಸು ಮಾಡಿಸಲಿಲ್ಲ. ಅಂಗಡಿಯನ್ನೂ ಬಿಟ್ಟುಕೊಟ್ಟ. ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ. ನಾನು ಊರಿನ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಸ್ಸು ಕೇಳಲು ಸಾರಿಗೆ ಕಚೇರಿಗೆ ಹೋದೆ. ಅಲ್ಲಿನ ಸಾಹೇಬರು ಕಂಪ್ಯೂಟರಿನಲ್ಲಿ ಹುಡುಕಿ ತಲೆಯಾಡಿಸಿದರು.

"ಮೇಡಂ, ನಿಮ್ಮ ಕ್ರಾಸಿಂದ ಅಂಗವಿಕಲರ ಪಾಸು ಒಂದೂ ಇಲ್ಲ. ಬೇಡಿಕೆಯೇ ಇಲ್ಲದಲ್ಲಿ ಬಸ್ ಹೇಗೆ ಬಿಡೋದು?"

ಬಸ್ಸು ಕಿತ್ತುಕೊಂಡವರು ಇವರೇ. ಬಸ್ಸಿಲ್ಲವೆಂದು ಅವನು ಪಾಸು ಬಿಟ್ಟ. ಈಗ ಪಾಸಿಲ್ಲವೆಂದು ಬಸ್ಸಿಲ್ಲ! ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಆ ಕಚೇರಿ ಇನ್ನಾವುದರಲ್ಲೂ ಮಾಡಿದ್ದನ್ನು ನಾನು ಕಂಡಿಲ್ಲ.

ಆ ಸಂಜೆ ಅವನನ್ನು ನೋಡಲು ಹೋದೆ. ಕಾಲಿನ ಪಟ್ಟಿ ಬಿಚ್ಚಿಟ್ಟು ಜಗುಲಿಯಲ್ಲಿ ಕೂತಿದ್ದ. ಸಾಹೇಬರು ಅಂದದ್ದನ್ನು ಹೇಳಿದೆ. ಈಗ ಬೈಯುತ್ತಾನೆಂದು ಕಾದೆ, ಬೈಯಲೆಂದು ಆಸೆಪಟ್ಟೆ. ಬೈಯಲಿಲ್ಲ.

"ಅಂದ್ರೆ ಈ ಊರಲ್ಲಿ ಈಗ ಕುಂಟ ಯಾರೂ ಇಲ್ಲೆ," ಎಂದ. "ಅಂತೂ ಅವು ಯನ್ನ ಗುಣ ಮಾಡಿದ್ವಲೇ, ತಂಗಿ."

ಒಳಗಿನಿಂದ ತಮ್ಮನ ಹೆಂಡತಿ ಊಟಕ್ಕೆ ಕರೆದಳು. ಅವಳು ಇನ್ನೊಮ್ಮೆ ಕರೆಯುವವರೆಗೂ ಅವನು ಏಳಲಿಲ್ಲ.